ಧುತಾಂಗ: ಬೌದ್ಧ ಭಿಕ್ಷುಜೀವನದಲ್ಲಿ ಕಠಿಣವ್ರತದ ನೆಲೆ

ಹಳಗನ್ನಡ ಸಾಹಿತ್ಯದ ಮೂಲಕ ಶ್ರಮಣ ಪರಂಪರೆಯನ್ನು ಅರಿತವರಿಗೆ ವೈರಾಗ್ಯವೆಂದೊಡನೆ ನೆನಪಾಗುವವರು 'ವಡ್ಡಾರಾಧನೆ'ಯ ಮುನಿಗಳು. ಉಪಸರ್ಗಗಳನ್ನು ಸಹಿಸಿ ಸಮಾಧಿಮರಣವನ್ನು ಅಪ್ಪುವ ಆ ಚಿತ್ರ ನಮ್ಮಲ್ಲಿ ಗಾಢವಾಗಿ ನೆಲೆಗೊಂಡಿರುವುದರಿಂದ ಬೌದ್ಧ ಭಿಕ್ಷುವನ್ನೂ ಅದೇ ಅಳತೆಗೋಲಿನಿಂದ ಅಳೆಯುತ್ತೇವೆ. ಮಧ್ಯಮಮಾರ್ಗವನ್ನು ಬೋಧಿಸಿದ ಧರ್ಮದಲ್ಲಿ ಕಠಿಣವ್ರತಕ್ಕೆ ಸ್ಥಾನವಿರಲಿಲ್ಲವೆಂದು ಸುಲಭವಾಗಿ ತೀರ್ಮಾನಿಸುತ್ತೇವೆ. ಪಾಲಿ ಗ್ರಂಥಗಳು ಈ ತೀರ್ಮಾನವನ್ನು ಸಮರ್ಥಿಸುವುದಿಲ್ಲ.

ವಿನಯಪಿಟಕದ ಪ್ರಕಾರ ಉಪಸಂಪದೆ ಪಡೆದ ಭಿಕ್ಷುವಿಗೆ ನಾಲ್ಕು ಆಶ್ರಯಗಳನ್ನು ತಿಳಿಸಬೇಕು: ಭಿಕ್ಷಾನ್ನ, ಚಿಂದಿಬಟ್ಟೆಯ ಚೀವರ, ಮರದ ಬುಡದ ವಾಸ, ಗೋಮೂತ್ರದ ಔಷಧ. ಆಮಂತ್ರಣದ ಊಟ, ದಾನದ ವಸ್ತ್ರ, ವಿಹಾರ, ತುಪ್ಪ ಜೇನು ಮುಂತಾದವು 'ಹೆಚ್ಚುವರಿ ಲಾಭ'ಗಳಾಗಿ ಅಲ್ಲಿಯೇ ಅನುಮತವಾಗಿವೆ. ಆದರ್ಶವೂ ರಿಯಾಯಿತಿಯೂ ಒಂದೇ ವಿಧಿಯಲ್ಲಿ ಕೂಡಿಕೊಂಡಿರುವುದು ಗಮನಾರ್ಹ.

ಸ್ವಇಚ್ಛೆಯಿಂದ ಇನ್ನೂ ಮುಂದೆ ಹೋಗುವವರಿಗಾಗಿ ಇದ್ದವು ಧುತಾಂಗಗಳು. ಎಂದರೆ ಕ್ಲೇಶಗಳನ್ನು ಕೊಡವಿಹಾಕುವ ಸಾಧನಗಳು. ಕ್ರಿ.ಶ. 5ನೆಯ ಶತಮಾನದಲ್ಲಿ ಸಿಂಹಳದಲ್ಲಿ ಬುದ್ಧಘೋಷನು ರಚಿಸಿದ 'ವಿಸುದ್ಧಿಮಗ್ಗ'ದ ಎರಡನೆಯ ಅಧ್ಯಾಯ ಇಂತಹ 13 ವ್ರತಗಳನ್ನು ವಿವರಿಸುತ್ತದೆ. ಮೂರೇ ಚೀವರಗಳನ್ನು ಇಟ್ಟುಕೊಳ್ಳುವುದು, ಮನೆ ಬಿಡದೆ ಸಾಲಾಗಿ ಭಿಕ್ಷೆಗೆ ಹೋಗುವುದು, ಒಂದೇ ಬಾರಿ ಕುಳಿತು ಉಣ್ಣುವುದು, ಸ್ಮಶಾನದಲ್ಲಿ ವಾಸಿಸುವುದು, ಎಂದೂ ಮಲಗದೆ ಕುಳಿತೇ ಇರುವುದು ಇವುಗಳಲ್ಲಿ ಕೆಲವು. ಪ್ರತಿಯೊಂದಕ್ಕೂ ಉತ್ಕೃಷ್ಟ, ಮಧ್ಯಮ, ಮೃದು ಎಂಬ ಮೂರು ದರ್ಜೆಗಳಿವೆ. ಭಿಕ್ಷುಣಿಯರಿಗೆ 8, ಗೃಹಸ್ಥರಿಗೆ 2 ವ್ರತಗಳು ಸಲ್ಲುತ್ತವೆ. ಉಪವಾಸದಿಂದ ದೇಹವನ್ನು ಕ್ಷಯಿಸುವ ವ್ರತ ಈ ಪಟ್ಟಿಯಲ್ಲಿಲ್ಲ. ಇಲ್ಲಿ ಕಡಿಮೆಯಾಗಬೇಕಾದದ್ದು ದೇಹವಲ್ಲ, ಬೇಕುಗಳು.

ಈ ವ್ರತಗಳು ಐಚ್ಛಿಕವಾಗಿಯೇ ಉಳಿದದ್ದು ಏಕೆ? ಉತ್ತರ ಚುಲ್ಲವಗ್ಗದ ದೇವದತ್ತ ಪ್ರಸಂಗದಲ್ಲಿದೆ. ಭಿಕ್ಷುಗಳು ಜೀವನಪರ್ಯಂತ ಅರಣ್ಯದಲ್ಲಿರಬೇಕು, ಭಿಕ್ಷಾನ್ನವನ್ನೇ ಉಣ್ಣಬೇಕು, ಚಿಂದಿಯನ್ನೇ ಉಡಬೇಕು, ಮರದ ಬುಡದಲ್ಲಿಯೇ ವಾಸಿಸಬೇಕು, ಮೀನು ಮಾಂಸಗಳನ್ನು ತಿನ್ನಬಾರದು ಎಂಬ ಐದು ನಿಯಮಗಳನ್ನು ದೇವದತ್ತ ಕೇಳಿದ. ಬುದ್ಧ ಒಪ್ಪಲಿಲ್ಲ. ಇಷ್ಟವಿದ್ದವನು ಅರಣ್ಯದಲ್ಲಿರಲಿ, ಇಷ್ಟವಿದ್ದವನು ಊರಿನ ಬಳಿ ಇರಲಿ. ಮರದ ಬುಡದ ವಾಸ ಎಂಟು ತಿಂಗಳು ಸಾಕು. ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಶಂಕಿಸದ ಮಾಂಸ ಸಲ್ಲುತ್ತದೆ ಎಂಬುದು ಅವನ ನಿಲುವು. ಸಂಘ ಒಡೆಯಿತು.

ಈ ಐದರಲ್ಲಿ ಮೊದಲ ನಾಲ್ಕೂ 13 ಧುತಾಂಗಗಳಲ್ಲಿ ಸೇರಿವೆ. ಆದ್ದರಿಂದ ವಿವಾದ ಮುಖ್ಯವಾಗಿ ಆಚರಣೆಯನ್ನು ಕುರಿತದ್ದಲ್ಲ, ಕಡ್ಡಾಯವನ್ನು ಕುರಿತದ್ದು. ಚಿಂದಿಯುಟ್ಟ ಮಹಾಕಸ್ಸಪನನ್ನು ಧುತಾಂಗಧಾರಿಗಳಲ್ಲಿ ಅಗ್ರಗಣ್ಯನೆಂದು ಹೊಗಳಿದವನೂ ಬುದ್ಧನೇ. ಮುಪ್ಪಿನಲ್ಲಿ ವ್ರತವನ್ನು ಸಡಿಲಿಸೆಂದು ಹೇಳಿದಾಗ, ತನ್ನ ಸುಖಕ್ಕಾಗಿಯೂ ಮುಂದಿನವರ ಮೇಲಿನ ಅನುಕಂಪದಿಂದಲೂ ಇದನ್ನು ಪಾಲಿಸುತ್ತಿರುವೆನೆಂದು ಕಸ್ಸಪ ಉತ್ತರಿಸಿದನೆಂದು ಸಂಯುತ್ತನಿಕಾಯ ಹೇಳುತ್ತದೆ.

ದೇವದತ್ತನ ಕಥೆಯನ್ನು ಬರೆದಿಟ್ಟದ್ದು ಅವನ ವಿರೋಧಿಗಳ ಪರಂಪರೆ ಎಂಬುದನ್ನು ಮರೆಯಬಾರದು. 5ನೆಯ ಶತಮಾನದ ಆರಂಭದಲ್ಲಿ ಫಾಹಿಯಾನ್ ಶ್ರಾವಸ್ತಿಯ ಕಡೆ ದೇವದತ್ತನ ಅನುಯಾಯಿಗಳನ್ನು ಕಂಡ. ಅವರು ಹಿಂದಿನ ಮೂವರು ಬುದ್ಧರನ್ನು ಪೂಜಿಸಿ ಶಾಕ್ಯಮುನಿಯನ್ನು ಬಿಡುತ್ತಿದ್ದರು. 7ನೆಯ ಶತಮಾನದಲ್ಲಿ ಹ್ಯೂಯೆನ್‌ತ್ಸಾಂಗ್ ವಂಗದೇಶದ ಕರ್ಣಸುವರ್ಣದಲ್ಲಿ ದೇವದತ್ತನ ಬೋಧೆಯಂತೆ ಹಾಲಿನ ಪದಾರ್ಥಗಳನ್ನು ತ್ಯಜಿಸಿದ ವಿಹಾರಗಳನ್ನು ದಾಖಲಿಸಿದ. ಸಾವಿರ ವರ್ಷ ಉಳಿದ ಒಂದು ಪಂಥವನ್ನು ಕೇವಲ ದುಷ್ಟನೊಬ್ಬನ ಅಸೂಯೆಯ ಫಲವೆನ್ನಲಾಗದು.

ಹೀಗೆ ಬೌದ್ಧಸಂಘ ಕಠಿಣವ್ರತವನ್ನು ಗೌರವಿಸಿತು, ಆದರೆ ಶಾಸನವಾಗಿಸಲಿಲ್ಲ. ಹೇರಿದ ವಿರಕ್ತಿ ವಿರಕ್ತಿಯಲ್ಲವೆಂಬ ಅರಿವು ಈ ನಿರಾಕರಣೆಯಲ್ಲಿದೆ. ಜೈನ ಮುನಿಯ ಆದರ್ಶವನ್ನು ಅದರ ನೆಲೆಯಲ್ಲೂ ಭಿಕ್ಷುವಿನದನ್ನು ಇದರ ನೆಲೆಯಲ್ಲೂ ನೋಡಿದಾಗಲೇ ಎರಡಕ್ಕೂ ನ್ಯಾಯ ಸಲ್ಲುತ್ತದೆ.