ಸೆರಗು

ನಮ್ಮ ಅಕ್ಕಲಕೋಟೆ ಕಡೆ ಗಂಡಸನ್ನು ಹೀಯಾಳಿಸಬೇಕಾದರೆ "ಹೆಂಡ್ತಿ ಸೆರಗ ಹಿಡಕೊಂಡ ತಿರಗತಾನ" ಅಂತಾರೆ. ಕಷ್ಟ ಬಂದವಳು ದೇವರ ಮುಂದೆ ಸೆರಗೊಡ್ಡುತ್ತಾಳೆ. ಕೆಲಸಕ್ಕೋ ಜಗಳಕ್ಕೋ ಇಳಿಯುವವಳು ಅದನ್ನೇ ಸೊಂಟಕ್ಕೆ ಸಿಗಿಸುತ್ತಾಳೆ. ಸಂತೆಯ ಚಿಲ್ಲರೆ ಇರುವುದೂ ಸೆರಗಿನ ಗಂಟಿನಲ್ಲಿ. ಹೆಣ್ಣಿನ ಶೀಲಕ್ಕೆ ಕೆಸರು ಎರಚುವವರಿಗೂ ಇದೇ ಪದ ಬೇಕು. ಆ ಮಾತನ್ನು ನಾನಿಲ್ಲಿ ಬರೆಯಲಾರೆ. ಹಳಗನ್ನಡದವರು ಶಕಟರೇಫ ಹಾಕಿ 'ಸೆಱಗು' ಎಂದು ಬರೆಯುತ್ತಿದ್ದರು. ಆಗ ಅದಕ್ಕೆ ಅಂಚು ಎಂಬುದರ ಜೊತೆ ಅಂಜಿಕೆ ಎಂಬ ಅರ್ಥವೂ ಇತ್ತು. ಬಾಗಿಲ ಚಿಲಕ ಹಾಕಿಕೊಂಡು ಸೀರೆ ಉಡುವ ಗಂಡಸು ನಾನು, ಆ ಅರ್ಥ ನನ್ನಲ್ಲಿ ಬಹಳ ಕಾಲ ಉಳಿದಿತ್ತು.

ಅದನ್ನು ಬಿಡಿಸಿದವಳು ಸೋಲಾಪುರದಲ್ಲಿದ್ದ ನನ್ನ ಸೋದರತ್ತಿ. ಈಗ ಆಕೆ ಇಲ್ಲ. ಹುಡುಗನಾಗಿದ್ದಾಗ ಒಮ್ಮೆ ಆಕೆಯ ಟ್ರಂಕಿನೊಳಗಿನ ಇರಕಲ್ ಸೀರೆ ಉಟ್ಟು ನಿಂತಿದ್ದೆ, ಕಂಡಳು. ಸ್ವಲ್ಪ ಹೊತ್ತು ನೋಡಿ, "ಸೆರಗ ಹಂಗ್ಯಾಕ ಮುದ್ದಿ ಮಾಡಿ ಹಿಡದಿ? ಬಿಡು. ಅದರ ಭಾರಕ್ಕ ಅದು ಬೀಳತದ" ಅಂದಳು.

ಆ ಭಾರ ಏನೆಂದು ಆಮೇಲೆ ತಿಳಿಯಿತು. ಇರಕಲ್ ಎಂದರೆ ಇಲಕಲ್ಲ ಸೀರೆ. ಅದರ ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡರ ಹಾಸೂ ಬೇರೆ ಬೇರೆ. ನೇಕಾರರು ಮೈಯ ಎಳೆಗೂ ಸೆರಗಿನ ಎಳೆಗೂ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತಾರೆ. ಕೆಂಪಿನ ಮೇಲೆ ಬಿಳಿಯಲ್ಲಿ ಕೋಟೆಯ ಕೊಮ್ಮೆ, ಹಣಿಗೆ, ಜೋಳದ ತೆನೆ ನೇಯುತ್ತಾರೆ. ಸಂಕ್ರಾಂತಿಗೆ ಸೋಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯಲ್ಲಿ ಗಂಡಸರು ಬಿಳಿ ಬಾರಾಬಂದಿ ಅಂಗಿ ತೊಟ್ಟು ನಂದಿಧ್ವಜ ಹೊತ್ತು ಹೊರಟರೆ, ಅತ್ತಿ ಇರಕಲ್ ಸೆರಗನ್ನು ತಲೆ ಮೇಲೆ ಹೊದ್ದು ಬೀದಿ ಬದಿಯಲ್ಲಿ ನಿಲ್ಲುತ್ತಿದ್ದಳು. ಅದು ಜಾರಿದರೆ ಕೈಯಿಂದ ಎಳೆದುಕೊಳ್ಳುತ್ತಿರಲಿಲ್ಲ, ಕತ್ತು ತುಸು ಎತ್ತಿದರೆ ಸಾಕು, ತಾನಾಗಿ ಕೂರುತ್ತಿತ್ತು. ನಾನು ಕಲಿಯಬೇಕೆಂದು ಹಂಬಲಿಸಿದ್ದು ಆ ಕತ್ತಿನ ನಿಲುವನ್ನು. ಕನ್ನಡಿ ಮುಂದೆ ಅದಕ್ಕೆ ಪಟ್ಟ ಪಾಡು ಅಷ್ಟಿಷ್ಟಲ್ಲ.

"ಬಾಲಗಂಧರ್ವ ಉಟ್ಟಂಗ ಉಡಬೇಕು ಅಂತಿದ್ರು ನಮ್ಮವ್ವ" ಎಂದು ಆಕೆ ಹೇಳುತ್ತಿದ್ದಳು. ಬಾಲಗಂಧರ್ವ ಎಂದರೆ 1888ರಲ್ಲಿ ಹುಟ್ಟಿದ ನಾರಾಯಣ ಶ್ರೀಪಾದ ರಾಜಹಂಸ, ಮರಾಠಿ ರಂಗಭೂಮಿಯ ಸ್ತ್ರೀಪಾತ್ರಧಾರಿ. ಆತನ ಸೀರೆ, ಒಡವೆ, ಹೆರಳು ನೋಡಿ ಮನೆತನಸ್ಥ ಹೆಂಗಸರು ಅದೇ ಬಗೆ ಮಾಡಿಕೊಳ್ಳುತ್ತಿದ್ದರು. ಆತನ ನಾಟಕದಲ್ಲಿ ಹಾಡಿ, ಆಮೇಲೆ ಬಾಳಸಂಗಾತಿಯಾದ ಗೋಹರಬಾಯಿ ನಮ್ಮ ಬೀಳಗಿಯವಳು. ಗಂಡಸು ಉಟ್ಟು ತೋರಿಸಿದ್ದನ್ನು ನೋಡಿ ಹೆಂಗಸರು ಕಲಿತರು, ಅವರ ಮಗಳಿಂದ ನಾನು ಕಲಿತೆ. ಇದರಲ್ಲಿ ನಾಚುವುದು ಏನಿದೆ ಎಂದು ಈಗಲೂ ನನಗೆ ತಿಳಿಯದು.

ಕಾಡಿನ ಸೆರಗು, ಬೆಟ್ಟದ ಸೆರಗು ಎನ್ನುವಾಗ ಪದ ತನ್ನ ಹಳೆಯ ಅರ್ಥಕ್ಕೆ, ಅಂಚಿಗೆ, ಮರಳುತ್ತದೆ. ಆ ಲೆಕ್ಕದಲ್ಲಿ ಅಕ್ಕಲಕೋಟೆ ಕನ್ನಡದ ಸೆರಗು. ಬಾಲಗಂಧರ್ವ ತೀರಿಕೊಂಡ 1967ರಲ್ಲೇ ಗಡಿ ವಿವಾದ ವಿಚಾರಿಸಿದ ಮಹಾಜನ ಆಯೋಗ ಮಹಾರಾಷ್ಟ್ರದ ಈ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು. ಸೇರಲಿಲ್ಲ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಎಂದು ನಮ್ಮ ಬದುಕು ನಡೆದಿದೆ, ಅತ್ತಿ ಎರಡರಲ್ಲೂ ಸಲೀಸಾಗಿದ್ದಳು. ಮರಾಠಿಯಲ್ಲಿ ಸೆರಗಿಗೆ ಪದರ ಅನ್ನುತ್ತಾರೆ. ತನ್ನ ಗಂಟಿನಿಂದ ಖರ್ಚು ಮಾಡುವುದು ಪದರಮೋಡ.

ಅತ್ತಿ ಹಾಗೆ ಪದರಮೋಡ ಮಾಡಿ ನನಗೊಂದು ಇರಕಲ್ ಕೊಡಿಸಿದಳು. ಅಂಗಡಿಯವ ಆರು ವಾರಿಯ ಸೀರೆಗಳನ್ನು ಹರವುತ್ತ, ಯಾರಿಗೆಂದು ಕೇಳಿದ. ಬಾಯಿಗೆ ಬಂದ ಸುಳ್ಳು ಹೇಳಿಯಾಳು ಎಂದುಕೊಂಡೆ. ದನಿ ತಗ್ಗಿಸದೆ ಹೇಳಿದಳು: "ನಮ್ಮಣ್ಣನ ಮಗಗ್ರಿ. ಎತ್ತರ ಅದಾನ, ಇವು ಸಾಲಾಂಗಿಲ್ಲ. ಎಂಟ ವಾರಿದ್ದು ತಗೀರಿ."