ಕೃತಕ ಪಾದವೂ ಕಾಲಿನ ಹರಡೂ

ಕಾಲು ಕಳೆದುಕೊಂಡವನಿಗೆ ಮತ್ತೊಂದು ಕಾಲನ್ನು ಕೊಡಬೇಕೆಂಬ ಹಂಬಲವು ಬಹು ಪುರಾತನವಾದುದು. ಕಾಳಗದಲ್ಲಿ ಕಾಲು ತುಂಡಾದ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಜೋಡಿಸಿದರೆಂಬ ಮಾತು ಋಗ್ವೇದದಲ್ಲಿಯೇ ಬಂದಿದೆ. ಅದು ದೇವತೆಗಳ ಕಾರ್ಯ. ಮನುಷ್ಯರ ಕೈಕೆಲಸಕ್ಕೆ ಸಾಕ್ಷಿಯು ಈಜಿಪ್ಟಿನಲ್ಲಿ ದೊರೆತಿದೆ. ಥೀಬ್ಸಿನ ಗೋರಿಯೊಂದರಲ್ಲಿ ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ಸ್ತ್ರೀಯೋರ್ವಳ ಪಾದಕ್ಕೆ ಮರ ಮತ್ತು ತೊಗಲಿನ ಹೆಬ್ಬೆರಳನ್ನು ಕಟ್ಟಿದ್ದುದು ಕಂಡುಬಂದಿತು. ಇಟಲಿಯ ಕಾಪುವಾದಲ್ಲಿ ಸಿಕ್ಕಿದ, ಕ್ರಿ.ಪೂ. 300ರ ಸುಮಾರಿನ ಕಂಚಿನ ಹೊದಿಕೆಯ ಮರಗಾಲು ಲಂಡನ್ನಿನ ಸಂಗ್ರಹಾಲಯದಲ್ಲಿತ್ತು. 1941ರ ಬಾಂಬುದಾಳಿಯಲ್ಲಿ ಅದು ನಾಶವಾಯಿತು.

ಕಾಲಿನ ಆಕಾರವನ್ನು ಕೆತ್ತುವುದು ಬಡಗಿಗೆ ಕಷ್ಟವಲ್ಲ. ಕಷ್ಟವಿರುವುದು ಕಣಕಾಲು ಪಾದವನ್ನು ಕೂಡುವ ಹರಡಿನ ಕೀಲಿನಲ್ಲಿ. ವಿದ್ಯಾರ್ಥಿಗಳು ನಾಲ್ಕು ಹೆಜ್ಜೆ ಮೆಲ್ಲನೆ ನಡೆದು ಇದನ್ನು ಪರೀಕ್ಷಿಸಿ ನೋಡಬೇಕು. ಮೊದಲು ಹಿಮ್ಮಡಿ ನೆಲವನ್ನು ಮುಟ್ಟುತ್ತದೆ. ಹರಡು ಬಾಗಿ ಅಂಗಾಲನ್ನು ನೆಲಕ್ಕಿಳಿಸುತ್ತದೆ. ಪಾದವು ಊರಿ ನಿಂತಿರಲು ಕಣಕಾಲು ಅದರ ಮೇಲೆ ಸುಮಾರು 10 ಡಿಗ್ರಿಯಷ್ಟು ಮುಂದಕ್ಕೆ ವಾಲುತ್ತದೆ. ಆಗ ಹಿಮ್ಮಡಿಯ ಮೇಲಣ ದಪ್ಪ ಸ್ನಾಯುರಜ್ಜು ಬಿಲ್ಲಿನ ಹೆದೆಯಂತೆ ಬಿಗಿದು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಅದಕ್ಕೆ ಮೀನಖಂಡದ ಬಲವೂ ಸೇರಿ, ಹಿಮ್ಮಡಿ ಮೇಲೆದ್ದು, ಕಾಲು ಮುಂದಕ್ಕೆ ನೂಕಲ್ಪಡುತ್ತದೆ. ಹರಡಿನ ಕೆಳಗೆ ಇನ್ನೊಂದು ಕೀಲುಂಟು. ಪಾದವನ್ನು ಎಡಕ್ಕೂ ಬಲಕ್ಕೂ ಓರೆಮಾಡುವುದು ಅದರ ಕೆಲಸ. ಗದ್ದೆಯ ಬದುವಿನ ಮೇಲೆ ನಾವು ಬೀಳದೆ ನಡೆಯುವುದು ಅದರ ದಯೆಯಿಂದ.

ಈ ಚಲನೆಯನ್ನು ಅನುಕರಿಸಲು ಲಂಡನ್ನಿನ ಜೇಮ್ಸ್ ಪಾಟ್ಸನು 1800ರಲ್ಲಿ ಒಂದು ಮರಗಾಲನ್ನು ರಚಿಸಿದನು. ಮಂಡಿ ಮಡಿಸಿದರೆ ಪಾದದ ಮುಂಭಾಗ ತಾನಾಗಿ ಮೇಲೇಳುವಂತೆ, ಪ್ರಾಣಿಗಳ ಕರುಳಿನ ತಂತಿಗಳನ್ನು ಮಂಡಿಯಿಂದ ಹರಡಿನವರೆಗೆ ಅದರೊಳಗೆ ಎಳೆದಿದ್ದನು. 1815ರ ವಾಟರ್ಲೂ ಯುದ್ಧದಲ್ಲಿ ಕಾಲು ಕಳೆದುಕೊಂಡ ಆಂಗ್ಲೆಸಿ ಪ್ರಭುವು ಇದನ್ನು ತೊಟ್ಟುದರಿಂದ ಅದಕ್ಕೆ ಅವನ ಹೆಸರೇ ನಿಂತಿತು. ಅಮೆರಿಕದ ಅಂತರ್ಯುದ್ಧದಲ್ಲಿ, 1861ರಲ್ಲಿ, ಕಾಲು ಕಳೆದುಕೊಂಡ ಜೇಮ್ಸ್ ಹ್ಯಾಂಗರ್ ಎಂಬ ತರುಣನು ಪೀಪಾಯಿಯ ಹಲಗೆಗಳಿಂದ ತನ್ನ ಕಾಲನ್ನು ತಾನೇ ಮಾಡಿಕೊಂಡನು. ಆದರೆ ಲೋಹದ ಕೀಲು ಸವೆಯುತ್ತದೆ, ಕಿರುಗುಟ್ಟುತ್ತದೆ. ಕೊನೆಗೆ ಕೀಲನ್ನೇ ತೆಗೆದುಹಾಕುವುದು ಲೇಸೆಂದು ಕೆಲವರಿಗೆ ತೋರಿತು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಸ್ಯಾಚ್' ಪಾದದಲ್ಲಿ ಹರಡಿಗೆ ಚಲನೆಯಿಲ್ಲ. ಹಿಮ್ಮಡಿಯಲ್ಲಿರುವ ಮೆತ್ತನೆಯ ತುಂಡು ಅದುಮಿಕೊಂಡು ಹರಡು ಬಾಗಿದಂತೆ ಮಾಡುತ್ತದೆ. ಅಗ್ಗವಾದ, ಗಟ್ಟಿಯಾದ, ಸಪಾಟು ನೆಲಕ್ಕೆ ಒಪ್ಪುವ ಜಾಣ ಉಪಾಯವಿದು.

ಆದರೆ ಆ ಪಾದವು ಬೂಟು ತೊಡುವವರ, ಕುರ್ಚಿಯ ಮೇಲೆ ಕೂಡುವವರ ಪಾದ. ಜೈಪುರದ ಸವಾಯಿ ಮಾನಸಿಂಹ ಆಸ್ಪತ್ರೆಯ ಮೂಳೆವೈದ್ಯ ಪ್ರಮೋದ್ ಕರಣ್ ಸೇಠಿಯವರು, ತಮ್ಮ ರೋಗಿಗಳಲ್ಲಿ ಅನೇಕರು ಕೊಟ್ಟ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲನ್ನು ಹಿಡಿದುದನ್ನು ಕಂಡರು. ರೋಗಿಗಳನ್ನು ದೂಷಿಸುವುದು ಸುಲಭವಾಗಿತ್ತು. ಸೇಠಿಯವರು ಹಾಗೆ ಮಾಡಲಿಲ್ಲ. ಕುಕ್ಕರಗಾಲಿನಲ್ಲಿ ಕೂಡಲಾಗದ, ಚಕ್ಕಳಮಕ್ಕಳ ಹಾಕಲಾಗದ, ನೀರುಗದ್ದೆಗೆ ಇಳಿಯಲಾಗದ ಕಾಲು ರೈತನಿಗೇಕೆ? ಬೂಟಿನೊಡನೆ ಅವನು ದೇವಸ್ಥಾನದೊಳಗೆ ಹೋಗುವುದೆಂತು?

ಅದೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕರಕುಶಲವನ್ನು ಕಲಿಸುತ್ತಿದ್ದ ರಾಮಚಂದ್ರ ಶರ್ಮರು, ಅಂದರೆ ಎಲ್ಲರ 'ಮಾಸ್ಟರ್‌ಜಿ', ಸೇಠಿಯವರ ಜೊತೆಗೂಡಿದರು. ಹೆಚ್ಚು ಶಾಲೆ ಕಲಿತವರಲ್ಲದಿದ್ದರೂ ಅವರ ಕೈ ಬಲ್ಲದ್ದಾಗಿತ್ತು. ಟಯರು ದುರಸ್ತಿ ಮಾಡುವವರಂತೆ ರಬ್ಬರನ್ನು ಅಚ್ಚಿನಲ್ಲಿಟ್ಟು ಬೇಯಿಸುವ ವಿದ್ಯೆ ಇಲ್ಲಿ ನೆರವಾಯಿತು. 1968ರಲ್ಲಿ ಜೈಪುರ ಪಾದವು ಸಿದ್ಧವಾಯಿತು. ಒಳಗೆ ಮರದ ತುಂಡು, ಸ್ಪಂಜಿನಂಥ ರಬ್ಬರು. ಹೊರಗೆ ಮೈಬಣ್ಣದ ಗಟ್ಟಿ ರಬ್ಬರಿನ ಚರ್ಮ, ಅದಕ್ಕೆ ಐದು ಬೆರಳುಗಳು. ಲೋಹದ ಕೀಲಿಲ್ಲ, ಆದರೂ ರಬ್ಬರು ಹಿಂದೆಮುಂದೆಯೂ ಅಕ್ಕಪಕ್ಕವೂ ಬಾಗುವುದರಿಂದ ಹರಡಿನ ಎರಡೂ ಕೀಲುಗಳ ಕೆಲಸ ಒಂದಿಷ್ಟು ನೆರವೇರುತ್ತದೆ. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ವೈದ್ಯರಿಗೆ ಬಂದಿತು. ಪಾಠ ಹೇಳುವಾಗ ಮಾಸ್ಟರ್‌ಜಿಯವರ ಹೆಸರನ್ನೂ ಹೇಳತಕ್ಕದ್ದೆಂದು ನನ್ನ ಅಭಿಪ್ರಾಯ.

ರಬ್ಬರು ಬಾಗಬಲ್ಲದು, ಮೀನಖಂಡದಂತೆ ನೂಕಲಾರದು. ಆ ಕೊರತೆಯನ್ನು ತುಂಬುವ ಯತ್ನ ಅಮೆರಿಕದಲ್ಲಿ ನಡೆಯಿತು. ತನ್ನದೇ ಪಾದವನ್ನು 1976ರಲ್ಲಿ ಕಳೆದುಕೊಂಡಿದ್ದ ವ್ಯಾನ್ ಫಿಲಿಪ್ಸ್ ಇಂಗಾಲದ ಎಳೆಗಳಿಂದ ಬಿಲ್ಲಿನಂತೆ ಚಿಮ್ಮುವ ಪಾದವನ್ನು ಮಾಡಿ, 1984ರಲ್ಲಿ ಅದಕ್ಕಾಗಿ ಸಂಸ್ಥೆಯನ್ನು ಕಟ್ಟಿದನು. ಪರ್ವತದ ಹಿಮದಲ್ಲಿ 1982ರಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡ ಹ್ಯೂ ಹರ್ ಮುಂದೆ ವಿಜ್ಞಾನಿಯಾಗಿ, ಬ್ಯಾಟರಿಯ ಬಲದಿಂದ ತಾನೇ ನೂಕುವ ಹರಡನ್ನು ನಿರ್ಮಿಸಿದನು.

ಇತ್ತ ನಮ್ಮ ದೇಶದಲ್ಲಿ, 1981ರಲ್ಲಿ ಅಪಘಾತದಿಂದ ಬಲಗಾಲನ್ನು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್, ಅದೇ 1984ರಲ್ಲಿ ಜೈಪುರ ಪಾದಕ್ಕೆ ಗೆಜ್ಜೆ ಕಟ್ಟಿ ಮತ್ತೆ ರಂಗವನ್ನೇರಿದರು.