ಕೈಯಾಗಿನ ಜೀರುಂಡಿ: ಹಳೇ ವಾಚ್ ಕಥಿ, ಭಾಗ 3

ದೋಸ್ತರ, ಸೆಲ್ ಇಲ್ಲದ, ಚಾವಿ ಕೊಡೋ ಕೈಗಡಿಯಾರನೂ ಅಲಾರಾಂ ಹೊಡೀತಿತ್ತು, ಗೊತ್ತೇನ್ರಿ?

1947ರಲ್ಲಿ ಸ್ವಿಟ್ಜರ್ಲೆಂಡಿನ ವಲ್ಕೇನ್ ಕಂಪನಿ ‘ಕ್ರಿಕೆಟ್’ ಅನ್ನೋ ವಾಚ್ ತಂತು. ಇದು ಬ್ಯಾಟು-ಬಾಲಿನ ಕ್ರಿಕೆಟ್ ಅಲ್ಲ, ಜೀರುಂಡಿ! ಒಳಗ ಎರಡು ಸ್ಪ್ರಿಂಗ್: ಒಂದು ಮುಳ್ಳು ನಡೆಸ್ತೈತಿ, ಇನ್ನೊಂದು ಪುಟ್ಟ ಸುತ್ತಿಗಿ ಬಡೀತೈತಿ.

1958ರಲ್ಲಿ ಜಪಾನಿನ ಸಿಟಿಜನ್ ಕೂಡ ಅಲಾರಾಂ ವಾಚ್ ಮಾಡಿತು. ಅದೇ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚ್ ತಯಾರಿಕೆ ಶುರುವಾಯಿತು. ಬೆಳಗಾವಿಯಾಗ, ಖಾನಾಪುರದಾಗ ಅಜ್ಜನ ಟ್ರಂಕಿನೊಳಗ ‘ಜನತಾ’ ವಾಚ್ ಇದ್ರ, ಅದು ಸಿಟಿಜನ್ನಿನ ಬಳಗದ್ದ. ಆದ್ರ ಜನತಾ ಅಲಾರಾಂ ಹೊಡೆಯಂಗಿಲ್ಲ.

ಅಲಾರಾಂ ವಾಚೇ ಬೇಕು, ರೊಕ್ಕ ಕಡಿಮಿ ಐತಿ ಅಂದ್ರ ಸೋವಿಯತ್ ಕಾಲದ ಪೊಲ್ಯೋತ್ ಹುಡುಕ್ರಿ. ಅದಕ್ಕ ಎರಡು ಚಾವಿ, ಒಂದು ಅಲಾರಾಂದು. ಕೊಳ್ಳೋ ಮುಂಚೆ ಎರಡೂ ತಿರುವಿ, ಸದ್ದು ಕೇಳ್ರಿ.

ಖಡೇಬಜಾರಿನ್ಯಾಗ ಸಿಗಲಿ, ಫೋನಿನ್ಯಾಗ ಸಿಗಲಿ, ಡಯಲ್ಲಿಗೆ ಹೊಸ ಬಣ್ಣ ಬಳಿದದ್ದು ಬ್ಯಾಡ. ಆ ಬಣ್ಣದ ಕೆಳಗ ಮೂಲ ಅಕ್ಷರ ಅಳಿಸಿ ಹೋಗಿರ್ತಾವ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಹಂಗಾಗಿ ಮಾಸಿದ ಡಯಲ್ಲೂ ಈಗ ಒಂದು ದಾಖಲೆ.

ಮನ್ಯಾಗಿನ ವಾಚ್ ಯಾವುದು, ಕಮೆಂಟಿನ್ಯಾಗ ಹೇಳ್ರಿ.